ಯತೀಮರ ಖಾತೆ

ನಮ್ಮ ಮೊಹಲ್ಲಾದ ಮಸೀದಿ ಕಮಿಟಿಯಲ್ಲಿ ಹೆಂಗಸರಿಲ್ಲ. ಲೆಕ್ಕದ ಪುಸ್ತಕ ಮಾತ್ರ ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತದೆ. ನಾನು ಬ್ಯಾಂಕಿನಿಂದ ನಿವೃತ್ತಳಾದ ವರ್ಷ ಕಮಿಟಿಯ ಅಧ್ಯಕ್ಷರಾದ ಸದರ್ ಸಾಹೇಬರು ತಮ್ಮ ಬೇಗಂ ಅವರನ್ನೂ ಕರೆದುಕೊಂಡು ಬಂದು, "ಆಪಾ, ಬೈತುಲ್ ಮಾಲ್ ಲೆಕ್ಕ ನೀವು ನೋಡಿಕೊಂಡರೆ ನಮಗೆ ನಿಶ್ಚಿಂತೆ" ಅಂದರು. ಬೈತುಲ್ ಮಾಲ್ ಅಂದರೆ ಊರಿನವರ ಜಕಾತ್ (ಕಡ್ಡಾಯ ದಾನ), ಸದಖಾ (ಐಚ್ಛಿಕ ದಾನ) ಹಣ ಬಂದು ಸೇರುವ ಮಸೀದಿಯ ನಿಧಿ. ಕಾಯಿಲೆಯವರಿಗೆ, ಸಾಲದಲ್ಲಿ ಸಿಕ್ಕಿಬಿದ್ದವರಿಗೆ, ಗಂಡ ಸತ್ತವರಿಗೆ ಅಲ್ಲಿಂದ ಹಣ ಹೋಗುತ್ತದೆ. ಯತೀಮ್, ಅಂದರೆ ತಬ್ಬಲಿ, ಮಕ್ಕಳಿಗೆ ಅಂತ ಅದರಲ್ಲೇ ಬೇರೆ ಒಂದು ಖಾತೆ. ಶಿವಮೊಗ್ಗದಲ್ಲಿ ಇಂಥ ನಿಧಿ ಇಟ್ಟುಕೊಂಡ ಮಸೀದಿಗಳು ಹಲವು. ನಮ್ಮದು ದೊಡ್ಡದೇನಲ್ಲ.

ಯತೀಮರ ಖಾತೆಗೆ ಹಣದ ಕೊರತೆ ಬಿದ್ದದ್ದಿಲ್ಲ. ಮಸೀದಿಯ ಛಾವಣಿ ಸೋರುತ್ತದೆ ಅಂದರೆ ಚಂದಾ ಎತ್ತುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ; ಯತೀಮ್ ಅಂದರೆ ಜೇಬು ತಾನಾಗಿ ತೆರೆದುಕೊಳ್ಳುತ್ತದೆ. ಪ್ರವಾದಿ ಮುಹಮ್ಮದರು ತೋರುಬೆರಳನ್ನೂ ನಡುಬೆರಳನ್ನೂ ಎತ್ತಿ ತೋರಿಸಿ, ಯತೀಮನ ಹೊಣೆ ಹೊತ್ತವನು ಸ್ವರ್ಗದಲ್ಲಿ ತನಗೆ ಇಷ್ಟು ಹತ್ತಿರ ಇರುತ್ತಾನೆ ಎಂದ ಹದೀಸು ನಮ್ಮಲ್ಲಿ ಓದು ಬಾರದ ಅಜ್ಜಿಗೂ ಗೊತ್ತು. ರಂಜಾನ್ ಬಂತೆಂದರೆ ಫೋನುಗಳು ಶುರು. "ಆಪಾ, ನಮ್ಮ ಅಬ್ಬಾ ಹೆಸರಲ್ಲಿ ಯತೀಮ್ ಮಕ್ಕಳಿಗೆ ಇಫ್ತಾರ್ ಮಾಡಿಸಬೇಕಿತ್ತು, ಒಂದೈವತ್ತು ಮಕ್ಕಳು ಸಿಗುತ್ತಾರಾ?" ಬಿರಿಯಾನಿ, ಹೊಸ ಟೋಪಿ, ಸಾಲಾಗಿ ಕೂರಿಸಿ ಒಂದು ಫೋಟೊ. ನಾನು ಮಕ್ಕಳ ಪಟ್ಟಿ ಕೊಡುವುದಿಲ್ಲ ಅಂತ ಊರಿನಲ್ಲಿ ಕೆಲವರಿಗೆ ನನ್ನ ಮೇಲೆ ಮುನಿಸಿದೆ.

ಮುನಿಸಿಕೊಳ್ಳಲಿ. ಅನ್ನ ಹಾಕುವುದು ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಇಷ್ಟು ವರ್ಷ ಲೆಡ್ಜರ್ ನೋಡಿದವಳಾಗಿ ಕುರ್‌ಆನ್ ತೆರೆದರೆ, ಯತೀಮರ ವಿಚಾರ ಬಂದ ಎಷ್ಟೋ ಕಡೆ ಅನ್ನಕ್ಕಿಂತ ಮೊದಲೇ ಆಸ್ತಿಯ ಮಾತು ಬರುವುದು ನನ್ನ ಕಣ್ಣಿಗೆ ಬೀಳುತ್ತದೆ. ನಾಲ್ಕನೆಯ ಅಧ್ಯಾಯ ಅನ್ನಿಸಾ ನೋಡಿ. ಎರಡನೆಯ ವಚನಕ್ಕೇ ಯತೀಮರ ಸ್ವತ್ತು ಅವರಿಗೆ ಕೊಡಿ, ಅವರ ಒಳ್ಳೆಯದನ್ನು ತೆಗೆದುಕೊಂಡು ನಿಮ್ಮ ಕಳಪೆಯದನ್ನು ಇಡಬೇಡಿ ಎಂಬ ಆಜ್ಞೆ. ಆರನೆಯ ವಚನವಂತೂ ಬ್ಯಾಂಕಿನ ಸುತ್ತೋಲೆಯ ಹಾಗೇ ಇದೆ. ಮಕ್ಕಳು ಮದುವೆಯ ವಯಸ್ಸಿಗೆ ಬರುವ ತನಕ ಅವರನ್ನು ಪರೀಕ್ಷಿಸುತ್ತಿರಿ. ವ್ಯವಹಾರಜ್ಞಾನ ಬಂದದ್ದು ಕಂಡರೆ ಆಸ್ತಿ ಒಪ್ಪಿಸಿ. ದೊಡ್ಡವರಾಗಿಬಿಡುತ್ತಾರೆ ಅಂತ ಅವಸರದಲ್ಲಿ ತಿಂದು ಮುಗಿಸಬೇಡಿ. ಪೋಷಕ ಉಳ್ಳವನಾದರೆ ಏನೂ ಮುಟ್ಟದಿರಲಿ, ಬಡವನಾದರೆ ನ್ಯಾಯವಾಗಿ ಎಷ್ಟು ಬೇಕೋ ಅಷ್ಟು. ಒಪ್ಪಿಸುವಾಗ ಸಾಕ್ಷಿಗಳನ್ನು ಕೂರಿಸಿಕೊಳ್ಳಿ. ಹತ್ತನೆಯ ವಚನದಲ್ಲಿ ಎಚ್ಚರಿಕೆ: ಯತೀಮರ ಆಸ್ತಿ ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ತುಂಬಿಕೊಳ್ಳುವುದು ಬೆಂಕಿಯನ್ನೇ.

ಯತೀಮ್ ಅಂದರೆ ಯಾರೂ ಇಲ್ಲದ ಮಗು ಅಂತ ಅನೇಕರು ತಿಳಿದಿದ್ದಾರೆ. ಶರೀಅತ್ತಿನ ಲೆಕ್ಕದಲ್ಲಿ ಪ್ರಾಯಕ್ಕೆ ಬರುವ ಮೊದಲು ತಂದೆಯನ್ನು ಕಳೆದುಕೊಂಡ ಮಗು ಯತೀಮ್. ತಾಯಿ ಇದ್ದರೂ ಯತೀಮೇ. ಅಜ್ಜನಿಗೆ ಅಡಿಕೆ ತೋಟ ಇದ್ದರೂ ಯತೀಮೇ. ನಮ್ಮ ಪಟ್ಟಿಯಲ್ಲಿರುವ ಮಕ್ಕಳೆಲ್ಲ ಹೆಚ್ಚುಕಮ್ಮಿ ತಾಯಿಯ ಜೊತೆಗೇ ಇರುವವರು. ಒಂದು ಕೋಣೆಯ ಬಾಡಿಗೆ ಮನೆ, ಹೊಲಿಗೆ ಯಂತ್ರ, ಇಲ್ಲವೇ ಬೀಡಿ ಕಟ್ಟುವ ಮೊರ. ಯತೀಮ್ ಎಂಬ ಒಂದೇ ಕಾರಣಕ್ಕೆ ಜಕಾತ್ ಕೊಡುವಂತೆಯೂ ಇಲ್ಲ. ಕುರ್‌ಆನಿನ ಒಂಬತ್ತನೆಯ ಅಧ್ಯಾಯದಲ್ಲಿ ಜಕಾತಿಗೆ ಅರ್ಹರಾದ ಎಂಟು ವರ್ಗ ಹೇಳಿದೆ. ಅದರಲ್ಲಿ ಯತೀಮರ ಹೆಸರಿಲ್ಲ. ಮಗು ಬಡವನಾಗಿದ್ದರೆ ಬಡವ ಅನ್ನುವ ಲೆಕ್ಕದಲ್ಲಿ ಜಕಾತ್, ಇಲ್ಲದಿದ್ದರೆ ಸದಖಾ. ಅದಕ್ಕೇ ನಮ್ಮ ಪುಸ್ತಕದಲ್ಲಿ ಎರಡು ಕಾಲಂ.

ಪ್ರವಾದಿಯವರೇ ಯತೀಮ್ ಆಗಿ ಬೆಳೆದವರು. ತಂದೆ ಅಬ್ದುಲ್ಲಾ ತೀರಿಕೊಂಡಾಗ ಇವರಿನ್ನೂ ಹುಟ್ಟಿರಲಿಲ್ಲ. ಆರು ವರ್ಷದವರಿದ್ದಾಗ ಮದೀನಾದಿಂದ ಮಕ್ಕಾಗೆ ಬರುವ ದಾರಿಯ ಅಬ್ವಾದಲ್ಲಿ ತಾಯಿ ಆಮಿನಾ ಕಣ್ಣುಮುಚ್ಚಿದರು. ಸಾಕಿದ ಅಜ್ಜ ಅಬ್ದುಲ್ ಮುತ್ತಲಿಬ್ ಎರಡೇ ವರ್ಷಕ್ಕೆ ಹೋದರು. ಆಮೇಲೆ ದೊಡ್ಡ ಸಂಸಾರದ, ಕೈಯಲ್ಲಿ ಹೆಚ್ಚೇನೂ ಇಲ್ಲದ ದೊಡ್ಡಪ್ಪ ಅಬೂ ತಾಲಿಬ್. ಮಿಂಬರಿನ ಮೇಲಿನಿಂದ ಈ ಕತೆ ಪ್ರತಿ ವರ್ಷ ಕೇಳುತ್ತೇವೆ. ನನಗೆ ಅದಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದಿರುವುದು ಇನ್ನೊಂದು ಪ್ರಸಂಗ.

ಕ್ರಿ.ಶ. 625ರಲ್ಲಿ ಉಹುದ್ ಯುದ್ಧ. ಪುಟ್ಟ ಮದೀನಾದಲ್ಲಿ ಒಂದೇ ದಿನ ಎಪ್ಪತ್ತರಷ್ಟು ಜನ ಸತ್ತರು. ಎಷ್ಟು ಮನೆಯಲ್ಲಿ ಮಕ್ಕಳು ಯತೀಮರಾದರು ಎಂದು ಊಹಿಸಿಕೊಳ್ಳಿ. ಸತ್ತವರಲ್ಲಿ ಸಅದ್ ಬಿನ್ ರಬೀಅ ಒಬ್ಬರು. ಅವರ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ ಹತ್ತಿರ ಬಂದರು. ಇವರ ತಂದೆ ಉಹುದಿನಲ್ಲಿ ಸತ್ತರು, ಚಿಕ್ಕಪ್ಪ ಆಸ್ತಿಯನ್ನೆಲ್ಲ ತೆಗೆದುಕೊಂಡಿದ್ದಾನೆ, ಕೈಯಲ್ಲಿ ಏನೂ ಇಲ್ಲದೆ ಇವರಿಗೆ ಮದುವೆ ಹೇಗೆ ಎಂಬುದು ಆ ತಾಯಿಯ ದೂರು. ಅಂದಿನ ಅರಬರಲ್ಲಿ ಅದು ಅನ್ಯಾಯವೇ ಆಗಿರಲಿಲ್ಲ. ಕತ್ತಿ ಹಿಡಿಯಬಲ್ಲವನಿಗೆ ಆಸ್ತಿ, ಹೆಂಗಸರಿಗೂ ಮಕ್ಕಳಿಗೂ ಇಲ್ಲ. ಪ್ರವಾದಿಯವರು ಕಾಯಲು ಹೇಳಿದರು. ವಾರಸಿನ ವಚನಗಳು ಬಂದವು. ಚಿಕ್ಕಪ್ಪನನ್ನು ಕರೆಸಿ, ಹೆಣ್ಣುಮಕ್ಕಳಿಬ್ಬರಿಗೆ ಮೂರರಲ್ಲಿ ಎರಡು ಪಾಲು, ತಾಯಿಗೆ ಎಂಟರಲ್ಲಿ ಒಂದು, ಉಳಿದದ್ದು ನಿನಗೆ ಎಂದು ಹೇಳಿದರು. ಲೆಕ್ಕ ಹಾಕಿ ನೋಡಿ: ಇಪ್ಪತ್ತನಾಲ್ಕು ಭಾಗ ಮಾಡಿದರೆ ಮಕ್ಕಳಿಗೆ 16, ತಾಯಿಗೆ 3, ಎಲ್ಲವನ್ನೂ ನುಂಗಲು ಹೊರಟಿದ್ದ ಚಿಕ್ಕಪ್ಪನಿಗೆ 5. ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ ಅನ್ನುವುದನ್ನೂ ಗಮನಿಸಬೇಕು. ಹಕ್ಕಿದ್ದಷ್ಟು ಕೊಟ್ಟು, ಇಲ್ಲದ್ದನ್ನು ಕಕ್ಕಿಸಿದರು.

ಎಚ್ಚರಿಕೆಯ ವಚನಗಳು ಬಂದ ಮೇಲೆ ಮದೀನಾದ ಜನ ಎಷ್ಟು ಹೆದರಿದರೆಂದರೆ, ಮನೆಯಲ್ಲಿದ್ದ ಯತೀಮ್ ಮಕ್ಕಳ ಊಟವನ್ನೇ ಬೇರೆ ಮಾಡಿಬಿಟ್ಟರು. ಅವರ ಹಿಟ್ಟು ಬೇರೆ, ಪಾತ್ರೆ ಬೇರೆ. ಮಗು ತಿಂದು ಉಳಿದದ್ದನ್ನು ಮುಟ್ಟಲು ಭಯ. ಮಗುವೇ ಮತ್ತೆ ತಿನ್ನಬೇಕು, ಇಲ್ಲವೇ ಹಳಸಬೇಕು. ಇದು ಕಷ್ಟವಾಗಿ ಪ್ರವಾದಿಯವರಲ್ಲಿ ವಿಚಾರಿಸಿದಾಗ ಎರಡನೆಯ ಅಧ್ಯಾಯದ 220ನೆಯ ವಚನ ಬಂತು: ಅವರ ಒಳಿತು ಮುಖ್ಯ, ಸೇರಿಸಿಕೊಂಡು ಬದುಕಿದರೆ ಅವರು ನಿಮ್ಮ ಸಹೋದರರೇ, ಕೆಡಿಸುವವನು ಯಾರು, ಸರಿಪಡಿಸುವವನು ಯಾರು ಎಂಬುದು ಅಲ್ಲಾಹನಿಗೆ ಗೊತ್ತು. ಅಡುಗೆ ಮತ್ತೆ ಒಂದಾಯಿತು. ಅಕ್ಕಿ ಅಳೆದು ಲೆಕ್ಕ ಇಡಬೇಕಾಗಿಲ್ಲ, ಆಸ್ತಿಯ ಲೆಕ್ಕ ಬಿಡುವಂತಿಲ್ಲ ಅಂತ ನಾನು ತಿಳಿದುಕೊಂಡಿದ್ದೇನೆ. ಮದೀನಾದ ಮಸೀದಿಗೆ ಆರಿಸಿದ ಜಾಗ ಕೂಡ ಸಹ್ಲ್, ಸುಹೈಲ್ ಎಂಬ ಇಬ್ಬರು ಯತೀಮ್ ಹುಡುಗರದಾಗಿತ್ತು. ಹುಡುಗರು ಹಾಗೇ ಕೊಡುತ್ತೇವೆ ಅಂದರು. ಪ್ರವಾದಿಯವರು ಒಪ್ಪದೆ ಬೆಲೆ ಕೊಟ್ಟೇ ತೆಗೆದುಕೊಂಡರು. ಮಸೀದಿಗೆ ಅಂತ ಯಾರದಾದರೂ ಜಾಗ ಕೇಳುವಾಗ ಕಮಿಟಿಯವರಿಗೆ ಇದನ್ನು ನೆನಪಿಸುವ ಅಭ್ಯಾಸ ನನಗಿದೆ.

ಗಂಡಸರ ಕಮಿಟಿಗೆ ನನ್ನಂಥವಳ ಅಗತ್ಯ ನಿಜವಾಗಿ ಬೀಳುವುದು ಇದ್ದತ್ತಿನ ಸಮಯದಲ್ಲಿ. ಗಂಡ ತೀರಿಕೊಂಡ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಇದ್ದತ್ತಿನಲ್ಲಿರುತ್ತಾಳೆ. ಗರ್ಭಿಣಿಯಾದರೆ ಹೆರಿಗೆಯ ತನಕ. ಮನೆ ಬಿಟ್ಟು ಹೊರಡುವುದು ಕಡಿಮೆ, ಪರಗಂಡಸರು ಒಳಗೆ ಬರುವುದಿಲ್ಲ. ಕಾಗದಗಳು ಓಡಾಡುವುದು ಇದೇ ದಿನಗಳಲ್ಲಿ. ಮೈದುನನೋ ಭಾವನೋ ಹೊರಗೆ ನಿಂತು, "ಭಾಬಿ, ಇಲ್ಲೊಂದು ಸಹಿ" ಅಂತ ಕಾಗದ ಕಳಿಸುತ್ತಾನೆ. ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಓಡಾಡುವವರು, ನಾನು ಎಲ್ಲರನ್ನೂ ಅನುಮಾನಿಸುವುದಿಲ್ಲ. ಆದರೆ ಅತ್ತು ಅತ್ತು ಕಣ್ಣು ಊದಿಕೊಂಡ ಹೆಣ್ಣಿಗೆ ತಾನು ಯಾವುದಕ್ಕೆ ಸಹಿ ಹಾಕಿದೆ ಎಂದು ಗೊತ್ತಿರುವುದಿಲ್ಲ. ಹಾಗಾಗಿ ನಾನು ಒಂದು ಫೈಲು ಹಿಡಿದುಕೊಂಡು ಹೋಗುತ್ತೇನೆ. ಮರಣ ಪ್ರಮಾಣಪತ್ರ ಬಂತಾ? ವಂಶವೃಕ್ಷಕ್ಕೆ ಅರ್ಜಿ ಹಾಕಿದ್ದಾರಾ, ಅದರಲ್ಲಿ ಎಲ್ಲ ಮಕ್ಕಳ ಹೆಸರೂ ಇದೆಯಾ? ಹಳ್ಳಿಯಲ್ಲಿ ಜಮೀನಿದ್ದರೆ ಪೌತಿ ಖಾತೆ ಯಾರ ಹೆಸರಿಗೆ ಆಗುತ್ತಿದೆ? ಎಲ್‌ಐಸಿ ಪಾಲಿಸಿ ಇತ್ತಾ? ಬ್ಯಾಂಕಿನಲ್ಲಿ ನಾಮಿನಿ ಯಾರು? ನಾಮಿನಿ ಅಂದರೆ ಆ ಹಣವೆಲ್ಲ ಅವನದೇ ಎಂಬ ತಪ್ಪು ತಿಳಿವಳಿಕೆ ಓದಿದವರಲ್ಲೂ ಇದೆ. ಠೇವಣಿಯಲ್ಲಿ ನಾಮಿನಿಯಾದವನು ಬ್ಯಾಂಕಿನಿಂದ ಹಣ ಪಡೆಯುವ ಕೈ ಅಷ್ಟೇ. ಆ ಹಣ ವಾರಸುದಾರರಿಗೆ ಹಂಚಿಕೆಯಾಗಬೇಕಾದದ್ದು.

ಚಿಕ್ಕಪ್ಪ, ದೊಡ್ಡಪ್ಪಂದಿರಿಗೆ ನಾನು ಹೇಳುವ ಇನ್ನೊಂದು ಸಂಗತಿ ಅವರಿಗೆ ರುಚಿಸುವುದಿಲ್ಲ. ಮುಸ್ಲಿಂ ಕಾನೂನಿನಲ್ಲಿ ತಂದೆ ಸತ್ತ ಮಗುವಿನ ಆಸ್ತಿಗೆ ಪೋಷಕ ಯಾರೆಂದರೆ ತಂದೆಯೇ ನೇಮಿಸಿಹೋದವನು. ಅವನಿಲ್ಲದಿದ್ದರೆ ತಂದೆಯ ತಂದೆ. ಆಮೇಲೆ ಅಜ್ಜ ನೇಮಿಸಿದವನು. ಇವರಾರೂ ಇಲ್ಲದಿದ್ದರೆ ನ್ಯಾಯಾಲಯ. ಚಿಕ್ಕಪ್ಪನಿಗೆ ತಾನಾಗಿ ಆ ಅಧಿಕಾರ ಬರುವುದಿಲ್ಲ. ತಾಯಿಗೂ ಇಲ್ಲ, ಇದು ನನಗೆ ಯಾವತ್ತೂ ನುಂಗಲಾಗದ ತುತ್ತು. ಮಗುವನ್ನು ಮಡಿಲಲ್ಲಿಟ್ಟು ಸಾಕುವ ಹಕ್ಕು ತಾಯಿಯದು. ಸುನ್ನಿಗಳ ಹನಫಿ ಪದ್ಧತಿಯಲ್ಲಿ ಗಂಡುಮಗುವಿಗೆ ಏಳು ವರ್ಷದ ತನಕ, ಹೆಣ್ಣುಮಗುವಿಗೆ ಮೈನೆರೆಯುವ ತನಕ. ಆದರೆ ಮಗುವಿನ ಪಾಲಿನ ಮನೆ, ಜಮೀನು ಮಾರುವ ಅಧಿಕಾರ ಆಕೆಗಿಲ್ಲ ಎಂದು ಪ್ರೀವಿ ಕೌನ್ಸಿಲ್ 1918ರಲ್ಲಿ ಇಮಾಂಬಂದಿ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು, ಅದು ಇವತ್ತಿಗೂ ನಿಂತಿದೆ. ದಾರಿ ಇಲ್ಲವೆಂದಲ್ಲ. 1890ರ ಪೋಷಕರ ಮತ್ತು ಪಾಲ್ಯರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ ತಾಯಿಯನ್ನೇ ಪೋಷಕಿಯಾಗಿ ನೇಮಿಸಬಹುದು. ನೇಮಕವಾದ ಮೇಲೂ ಮಗುವಿನ ಸ್ಥಿರಾಸ್ತಿ ಮಾರಲು, ಅಡವಿಡಲು ಮೊದಲೇ ನ್ಯಾಯಾಲಯದ ಅನುಮತಿ ಬೇಕು. ಆ ಒಂದು ಕಲಮು ಎಷ್ಟೋ ಮಕ್ಕಳ ಸೂರು ಉಳಿಸಿದೆ. ಉಳಿತಾಯ ಖಾತೆಯ ಮಟ್ಟಿಗೆ ಇಷ್ಟು ಕಷ್ಟವಿಲ್ಲ. ತಾಯಿಯೇ ಗಾರ್ಡಿಯನ್ ಆಗಿ ಮಗುವಿನ ಖಾತೆ ತೆರೆಯಬಹುದು ಎಂದು ರಿಸರ್ವ್ ಬ್ಯಾಂಕ್ 1976ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಕೌಂಟರಿನಲ್ಲಿ ಕೂತವರು "ತಂದೆಯ ಸಹಿ ಎಲ್ಲಿ" ಅಂತ ಕೇಳಿದರೆ ನಾನೇ ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗುತ್ತೇನೆ. ಹಳೆಯ ಸಲುಗೆ.

ಅಪಘಾತದ ಪರಿಹಾರವೋ ವಿಮೆಯೋ ಬಂತು ಅನ್ನಿ, ಮಗುವಿನ ಪಾಲು ಏನು ಮಾಡುವುದು? ಇಲ್ಲಿ ನಮ್ಮ ಮಲೆನಾಡಿಗೂ ಕರಾವಳಿಗೂ ಒಂದು ವ್ಯತ್ಯಾಸವಿದೆ. ಶಿವಮೊಗ್ಗದ ನಾವು ಹೆಚ್ಚಿನವರು ಹನಫಿಗಳು. ನಮ್ಮಲ್ಲಿ ಅಪ್ರಾಪ್ತ ಮಗುವಿನ ಹಣಕ್ಕೆ ಜಕಾತ್ ಇಲ್ಲ. ಘಟ್ಟ ಇಳಿದರೆ ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಅಲ್ಲಿ ಯತೀಮನ ಹಣಕ್ಕೂ ವರ್ಷಕ್ಕೆ ಶೇಕಡಾ ಎರಡೂವರೆ ಜಕಾತ್, ಪೋಷಕನೇ ತೆಗೆದು ಕೊಡಬೇಕು. ಸುಮ್ಮನೆ ಇಟ್ಟ ಹಣ ವರ್ಷ ವರ್ಷ ಸವೆಯುತ್ತದೆ. ಎರಡನೆಯ ಖಲೀಫಾ ಉಮರರು ಇದಕ್ಕೇ ಹೇಳಿದ್ದು, ಯತೀಮರ ಹಣವನ್ನು ವ್ಯಾಪಾರದಲ್ಲಿ ತೊಡಗಿಸಿ, ಜಕಾತೇ ಅದನ್ನು ತಿಂದುಹಾಕದಿರಲಿ ಎಂದು. ಇಮಾಂ ಮಾಲಿಕರ ಮುವತ್ತಾ ಎಂಬ ಹದೀಸು ಸಂಗ್ರಹದಲ್ಲಿ ಇದು ದಾಖಲಾಗಿದೆ.

ನಮ್ಮಲ್ಲಿ ಜಕಾತ್ ತಿನ್ನದಿದ್ದರೆ ಬೆಲೆಯೇರಿಕೆ ತಿನ್ನುತ್ತದೆ. ಬಡ್ಡಿ ಹರಾಮು ಅಂತ ಎಫ್‌ಡಿ ಮಾಡದೆ, ವ್ಯಾಪಾರಕ್ಕೂ ಹಾಕದೆ, ಕರೆಂಟ್ ಖಾತೆಯಲ್ಲೋ ಗಾಡ್ರೇಜ್ ಬೀರುವಿನಲ್ಲೋ ಹತ್ತು ವರ್ಷ ಇಟ್ಟ ಹಣ ಮಗುವಿನ ಕೈಗೆ ಬರುವಾಗ ಏನಾಗಿರುತ್ತದೆಂದು ಬ್ಯಾಂಕಿನಲ್ಲಿದ್ದವರಿಗೆ ಹೇಳಿಕೊಡಬೇಕಾಗಿಲ್ಲ. ತಾನು ಪರಿಶುದ್ಧನಾಗಿ ಉಳಿದೆ ಎಂಬ ಸಮಾಧಾನ ಪೋಷಕನಿಗೆ, ನಷ್ಟ ಮಗುವಿಗೆ. ನಮ್ಮ ಮಸೀದಿಯ ಧರ್ಮಗುರುಗಳಾದ ಹಜ್ರತರ ಸಲಹೆ ಕೇಳಿ ಕೆಲವರು ಚಿನ್ನದ ನಾಣ್ಯ ಮಾಡಿ ಲಾಕರಿನಲ್ಲಿ ಇಟ್ಟರು, ಒಬ್ಬರು ಮಗುವಿನ ಹೆಸರಿಗೆ ಚಿಕ್ಕ ಮಳಿಗೆ ಕೊಂಡು ಬಾಡಿಗೆಗೆ ಕೊಟ್ಟರು. ಮಳಿಗೆಯ ಬಾಡಿಗೆ ಈಗ ಹುಡುಗನ ಪಿಯು ಕಾಲೇಜಿನ ಫೀಸಿಗೆ ಸಾಕಾಗುತ್ತಿದೆ.

ಹಳೆಯ ಕಾಲದ ದೊಡ್ಡ ವಿದ್ವಾಂಸ ಇಮಾಂ ಗಜಾಲಿಯವರ ಬಾಲ್ಯದ ಕತೆಯನ್ನು ಪೋಷಕರಿಗೆ ಹೇಳುವುದುಂಟು. ತೂಸ್ ಪಟ್ಟಣದಲ್ಲಿ ಉಣ್ಣೆ ನೂತು ಬದುಕುತ್ತಿದ್ದ ತಂದೆ ಸಾಯುವ ಮೊದಲು ಇಬ್ಬರು ಗಂಡುಮಕ್ಕಳನ್ನೂ ಇದ್ದ ಅಲ್ಪ ಹಣವನ್ನೂ ಸೂಫಿ ಗೆಳೆಯನೊಬ್ಬನಿಗೆ ಒಪ್ಪಿಸಿದರು. ಆತ ಆ ಹಣದಲ್ಲಿ ಮಕ್ಕಳನ್ನು ಓದಿಸಿದ. ಹಣ ಮುಗಿದ ದಿನ ಇಬ್ಬರನ್ನೂ ಕೂರಿಸಿಕೊಂಡು, ನಿಮ್ಮದೆಲ್ಲ ನಿಮಗೇ ಖರ್ಚಾಯಿತು, ನಾನು ಬಡವ, ಮದರಸಾಕ್ಕೆ ಸೇರಿಕೊಳ್ಳಿ, ಅಲ್ಲಿ ವಿದ್ಯಾರ್ಥಿಗಳಿಗೆ ಊಟದ ವ್ಯವಸ್ಥೆ ಇದೆ ಎಂದು ಬಿಚ್ಚಿ ಹೇಳಿದ. ನನಗೆ ಆ ಸೂಫಿಯ ಹೆಸರು ತಿಳಿಯದಿದ್ದರೂ ಅವನ ಮೇಲೆ ಬಹಳ ಗೌರವ. ಹತ್ತು ವರ್ಷದ ಹುಡುಗರಿಗೆ ಬ್ಯಾಲೆನ್ಸ್ ಶೀಟ್ ಒಪ್ಪಿಸುವವರು ಎಷ್ಟು ಜನ ಸಿಕ್ಕಾರು?

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ನಮ್ಮ ಹಿರಿಯರು ಇದನ್ನು ಜಗಲಿಯ ಮೇಲೆ ಕೂತು ಚರ್ಚಿಸುವುದಿಲ್ಲ.

ಒಬ್ಬ ಮನುಷ್ಯನಿಗೆ ಇಬ್ಬರು ಗಂಡುಮಕ್ಕಳು. ಒಬ್ಬ ಮಗ ತಂದೆ ಬದುಕಿರುವಾಗಲೇ ತೀರಿಕೊಂಡ, ಅವನಿಗೆ ಮಕ್ಕಳಿವೆ. ಆಮೇಲೆ ಮುದುಕ ಸತ್ತ. ಸುನ್ನಿ ಕಾನೂನಿನ ಪ್ರಕಾರ ಬದುಕಿರುವ ಮಗನೆದುರು ಸತ್ತ ಮಗನ ಮಕ್ಕಳಿಗೆ ವಾರಸು ಇಲ್ಲ. ಹತ್ತಿರದವನು ದೂರದವನನ್ನು ತಡೆಯುತ್ತಾನೆ ಎಂಬ ನಿಯಮ. ನಿನ್ನೆ ತಂದೆ ಹೋದ, ಇವತ್ತು ಅಜ್ಜನೊಂದಿಗೆ ಮನೆಯೂ ಹೋಯಿತು. ಯತೀಮರ ವಿಚಾರದಲ್ಲಿ ಇಷ್ಟೊಂದು ಆಜ್ಞೆಗಳಿರುವ ಧರ್ಮದಲ್ಲಿ ಇದು ಹೇಗೆ ಎಂದು ನಮ್ಮ ಬ್ಯಾಂಕಿನ ಸಹೋದ್ಯೋಗಿಯೊಬ್ಬರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಆ ಮಕ್ಕಳ ಖರ್ಚು ನೋಡಿಕೊಳ್ಳುವುದು ಅನುಕೂಲವಿದ್ದ ಅಜ್ಜನ ಹೊಣೆ, ಅವನಾದ ಮೇಲೆ ಹತ್ತಿರದ ಸಂಬಂಧಿಕರ ಹೊಣೆ, ಆಸ್ತಿ ಅವರ ಕೈಯಲ್ಲಿದ್ದರೆ ತಾನೇ ಅವರು ನೋಡಿಕೊಳ್ಳುವುದು ಎಂದು ಉಲಮಾಗಳು, ಅಂದರೆ ಧರ್ಮವಿದ್ವಾಂಸರು, ಉತ್ತರಿಸುತ್ತಾರೆ. ಎಲ್ಲರೂ ಹಾಗೆ ನಡೆದುಕೊಳ್ಳುವ ಊರಿದ್ದರೆ ನನ್ನ ಬಳಿ ಲೆಕ್ಕದ ಪುಸ್ತಕವೇ ಇರುತ್ತಿರಲಿಲ್ಲ.

ಈ ಗಂಟು ಬಿಚ್ಚಲು ಮುಸ್ಲಿಂ ದೇಶಗಳೇ ಕೈಹಾಕಿವೆ. ಈಜಿಪ್ಟ್ 1946ರಲ್ಲಿ ಕಾನೂನು ಮಾಡಿತು: ಅಜ್ಜ ಉಯಿಲು ಬರೆಯದೆ ಸತ್ತರೂ ಬರೆದ ಹಾಗೆಯೇ ಲೆಕ್ಕ, ಮೂರರಲ್ಲಿ ಒಂದು ಪಾಲಿನ ಮಿತಿಯೊಳಗೆ ಸತ್ತ ಮಗನ ಪಾಲು ಅವನ ಮಕ್ಕಳಿಗೆ ಹೋಗಬೇಕು. ಸಂಬಂಧಿಕರಿಗೆ ಉಯಿಲು ಮಾಡುವುದು ಕಡ್ಡಾಯ ಎಂಬ ಸ್ಪೇನಿನ ಹಳೆಯ ವಿದ್ವಾಂಸ ಇಬ್ನ್ ಹಜ್ಮರ ಮತವನ್ನು ಅವರು ಆಧಾರವಾಗಿ ಹಿಡಿದರು. ಪಾಕಿಸ್ತಾನ 1961ರ ಸುಗ್ರೀವಾಜ್ಞೆಯ ನಾಲ್ಕನೆಯ ಕಲಮಿನಲ್ಲಿ ಇನ್ನೂ ಮುಂದೆ ಹೋಗಿ, ಸತ್ತ ಮಗನಿಗೆ ಬರಬೇಕಿದ್ದ ಪೂರ್ತಿ ಪಾಲು ಅವನ ಮಕ್ಕಳಿಗೆ ಎಂದಿತು. ಅಲ್ಲಿ ಉಲಮಾಗಳು ಅದನ್ನು ಒಪ್ಪಲೇ ಇಲ್ಲ. ಭಾರತದಲ್ಲಿ ಹಳೆಯ ನಿಯಮವೇ ನಡೆಯುತ್ತಿದೆ.

ಆದರೆ ಕಾನೂನು ಬದಲಾಗುವ ತನಕ ಕಾಯಬೇಕಾಗಿಲ್ಲ, ಇದನ್ನೇ ನಾನು ಮನೆ ಮನೆಯಲ್ಲಿ ಹೇಳುತ್ತಾ ಬಂದದ್ದು. ವಾರಸುದಾರನಲ್ಲದವನಿಗೆ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ಯಾರನ್ನೂ ಕೇಳದೆ ವಸಿಯ್ಯತ್, ಅಂದರೆ ಉಯಿಲು, ಮಾಡಬಹುದು. ಚಿಕ್ಕಪ್ಪ ಬದುಕಿರುವಾಗ ಮೊಮ್ಮಗ ವಾರಸುದಾರನಲ್ಲ. ಅವನಿಗೆ ಬಾಗಿಲು ಮುಚ್ಚಿದ ನಿಯಮವೇ ಈ ಬಾಗಿಲು ತೆರೆದಿದೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ ಎನ್ನುತ್ತೇನೆ. ಬದುಕಿರುವಾಗಲೇ ಕೊಡುವ ಮನಸ್ಸಿದ್ದರೆ ಹಿಬಾ, ಅಂದರೆ ದಾನ. ಅದಕ್ಕೆ ಮೂರನೆಯ ಒಂದರ ಮಿತಿಯಿಲ್ಲ, ಸ್ವಾಧೀನ ಬಿಟ್ಟುಕೊಡಬೇಕು ಅಷ್ಟೇ. ಇದನ್ನು ಹೇಳಹೋದರೆ ಅಜ್ಜಂದಿರ ಮುಖ ಸಪ್ಪಗಾಗುತ್ತದೆ. ಸಾವಿನ ಮಾತು ಯಾಕೆ ಈಗ ಅಂತ. ನಮ್ಮ ಬೀದಿಯ ಅಡಿಕೆ ಮಂಡಿಯ ಹಿರಿಯರೊಬ್ಬರು ಮಾತ್ರ ಮಗ ಸತ್ತ ನಲವತ್ತನೆಯ ದಿನವೇ ಉಳಿದ ಮಕ್ಕಳನ್ನು ಕೂರಿಸಿ, "ಇವನ ಮಕ್ಕಳಿಗೆ ಮೇಲಿನ ಮನೆ. ಯಾರಿಗಾದರೂ ಬೇಜಾರಿದ್ದರೆ ಈಗಲೇ ಹೇಳಿ, ನಾನು ಹೋದ ಮೇಲೆ ಹೇಳಬೇಡಿ" ಅಂದರಂತೆ. ಯಾರೂ ಉಸಿರೆತ್ತಲಿಲ್ಲ. ಆ ವಾರವೇ ಹಿಬಾ ಪತ್ರ ನೋಂದಣಿಯಾಯಿತು, ಮೇಲಿನ ಮನೆಯ ಕೀಲಿ ಸೊಸೆಯ ಕೈಗೆ ಹೋಯಿತು.

ಇಷ್ಟೆಲ್ಲ ತಾಪತ್ರಯ ಯಾಕೆ, ಮಗುವನ್ನು ದತ್ತು ತೆಗೆದುಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಸಾಕಲು ತಡೆಯಿಲ್ಲ, ಮಗುವಿನ ವಂಶ ಬದಲಾಯಿಸಲು ಮಾತ್ರ ಇಲ್ಲ. ಪ್ರವಾದಿಯವರೇ ಜೈದ್ ಎಂಬ ಹುಡುಗನನ್ನು ಮಗನೆಂದು ಸಾರಿ ಬೆಳೆಸಿದ್ದರು, ಜನ ಅವರನ್ನು ಜೈದ್ ಬಿನ್ ಮುಹಮ್ಮದ್ ಎಂದೇ ಕರೆಯುತ್ತಿದ್ದರು. ಮೂವತ್ತಮೂರನೆಯ ಅಧ್ಯಾಯದ ವಚನ ಬಂದ ಮೇಲೆ ಮತ್ತೆ ಜೈದ್ ಬಿನ್ ಹಾರಿಸಾ ಆದರು. ಕರುಣೆ ಕಡಿಮೆಯಾಯಿತೆಂದು ಅನಿಸಬಹುದು. ನನಗೆ ಹಾಗನಿಸುವುದಿಲ್ಲ, ಸತ್ತ ತಂದೆಯ ಹೆಸರೂ ಆ ಮಗುವಿನ ಆಸ್ತಿಯೇ, ಸಾಕಿದವನು ಅದನ್ನೂ ತೆಗೆದುಕೊಳ್ಳುವಂತಿಲ್ಲ. ಹೀಗೆ ಹೆಸರು ಉಳಿಸಿ ಸಾಕುವ ಏರ್ಪಾಡಿಗೆ ಕಫಾಲತ್ ಎನ್ನುತ್ತಾರೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಇಪ್ಪತ್ತನೆಯ ವಿಧಿಯಲ್ಲಿ ದತ್ತಕದ ಪಕ್ಕದಲ್ಲೇ ಇದರ ಹೆಸರೂ ಇದೆ. ತೊಡಕುಗಳಿಲ್ಲವೆಂದಲ್ಲ. ಸಾಕಿದ ಮಗು ಬೆಳೆದ ಮೇಲೆ ಪರ್ದಾದ ಪ್ರಶ್ನೆ ಬರುತ್ತದೆ. ಎರಡು ವರ್ಷದೊಳಗಿನ ಮಗುವಿಗೆ ಸಾಕುತಾಯಿಯೋ ಅವಳ ತಂಗಿಯೋ ಎದೆಹಾಲು ಕೊಟ್ಟಿದ್ದರೆ ಹಾಲಿನ ಸಂಬಂಧ ಬಂದು ಅದು ತೀರುತ್ತದೆ. ಆಸ್ತಿಗೆ ಮತ್ತೆ ಅದೇ ವಸಿಯ್ಯತ್, ಹಿಬಾ. ಕಾನೂನುಬದ್ಧವಾಗಿಯೇ ದತ್ತು ಬೇಕೆನ್ನುವ ಮುಸ್ಲಿಮರಿಗೂ ಬಾಲನ್ಯಾಯ ಕಾಯ್ದೆಯಡಿ ದಾರಿಯಿದೆ. ಶಬ್ನಂ ಹಾಶ್ಮಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2014ರ ಫೆಬ್ರುವರಿಯಲ್ಲಿ ಇದನ್ನು ಸ್ಪಷ್ಟಪಡಿಸಿತು. ಯಾರನ್ನೂ ಬಲವಂತ ಮಾಡಿಲ್ಲ, ಯಾರನ್ನೂ ತಡೆದೂ ಇಲ್ಲ.

ಇನ್ನು ಯತೀಮ್‌ಖಾನೆಗಳು. ಕೈರೋದ ಹಳೆಯ ಬೀದಿಗಳಲ್ಲಿ ಕೆಳಗೆ ದಾರಿಹೋಕರಿಗೆ ನೀರಿನ ಅರವಟ್ಟಿಗೆ, ಮೇಲೆ ಯತೀಮ್ ಮಕ್ಕಳಿಗೆ ಶಾಲೆ ಇರುವ ವಕ್ಫ್ ಕಟ್ಟಡಗಳು ಇವತ್ತಿಗೂ ನಿಂತಿವೆ. 1744ರಲ್ಲಿ ಅಬ್ದುಲ್ ರಹಮಾನ್ ಕತ್ಖುದಾ ಕಟ್ಟಿಸಿದ್ದು ಪ್ರವಾಸಿಗರಿಗೆಲ್ಲ ಗೊತ್ತು. ನಮ್ಮ ಹತ್ತಿರದಲ್ಲಿ ಇಂಥ ಸಂಸ್ಥೆಗಳು ಹುಟ್ಟಿದ್ದು ಆಪತ್ತುಗಳಲ್ಲಿ. 1921ರ ಮಲಬಾರ್ ದಂಗೆಯಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ 1922ರಲ್ಲಿ ಕೋಝಿಕ್ಕೋಡಿನ ಜೆಡಿಟಿ ಇಸ್ಲಾಂ ಶುರುವಾಯಿತು, ಕಟ್ಟಿದವರು ದೂರದ ಪಂಜಾಬಿನಿಂದ ಬಂದ ಕಸೂರಿ ಮನೆತನದವರು. 1943ರಲ್ಲಿ ಮಲಬಾರಿಗೆ ಕಾಲರಾ ಬಡಿದಾಗ ತಿರೂರಂಗಾಡಿಯ ಯತೀಮ್‌ಖಾನೆ. ಮನೆಯಲ್ಲಿ ಒಬ್ಬರೂ ಉಳಿಯದ ಮಕ್ಕಳಿಗೆ ಅವು ಬೇಕಾಗಿದ್ದವು. ಈಗ ಹಾಗೆ ಒಟ್ಟಿಗೆ ಇಟ್ಟು ಸಾಕುವುದಾದರೆ 2015ರ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಲೇಬೇಕು, ಮಕ್ಕಳ ಕಲ್ಯಾಣ ಸಮಿತಿಯ ಕಣ್ಣಿರಬೇಕು. ಇದನ್ನು ಧರ್ಮದ ಮೇಲಿನ ದಾಳಿ ಅಂತ ಗೊಣಗುವವರನ್ನು ಕಂಡರೆ ನನಗೆ ಆಶ್ಚರ್ಯ. ಸಾಕ್ಷಿ ಕೂರಿಸಿಕೊಂಡು ಲೆಕ್ಕ ಕೊಡಿ ಎಂದು ಕುರ್‌ಆನೇ ಹೇಳಿರುವಾಗ ಆಡಿಟಿಗೆ ಏಕೆ ಅಂಜಬೇಕು?

ತಾಯಿ ಇರುವ ಮಗುವನ್ನು ತಾಯಿಯ ಹತ್ತಿರವೇ ಬಿಡುವುದು ನಮ್ಮ ಕಮಿಟಿಯ ತೀರ್ಮಾನ. ಮಗುವಿಗೆ ತಿಂಗಳಿಗೆ ಎರಡು ಸಾವಿರ, ನೇರವಾಗಿ ಖಾತೆಗೆ. ಶಾಲೆ ಶುರುವಾಗುವ ಮೇ ಕೊನೆಯಲ್ಲಿ ಫೀಸು, ಯೂನಿಫಾರ್ಮು ಬೇರೆ. ಕೊಟ್ಟವರಿಗೆ ಮಗುವಿನ ಹೆಸರು ಗೊತ್ತಾಗುವುದಿಲ್ಲ, ತರಗತಿ ಮತ್ತು ಹಾಜರಿ ಮಾತ್ರ ತಿಳಿಸುತ್ತೇನೆ. ಜೊತೆಗೆ ಒಂದು ಅರ್ಜಿ ನಾನೇ ತುಂಬಿಸುತ್ತೇನೆ, ಅದು ನಮ್ಮ ಎರಡು ಸಾವಿರಕ್ಕಿಂತ ದೊಡ್ಡದು. ಕೇಂದ್ರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ತಾಯಿ ವಿಧವೆಯಾಗಿರುವುದು ಅರ್ಹತೆಗಳಲ್ಲಿ ಒಂದು, ಮನೆಯ ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000 ಮೀರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ. ಕೋವಿಡಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡವರಿಗೆ ನಮ್ಮ ರಾಜ್ಯ 2021ರಲ್ಲಿ ತಂದ ಮುಖ್ಯಮಂತ್ರಿ ಬಾಲಸೇವಾ ಯೋಜನೆಯ 3,500 ರೂಪಾಯಿ ಬೇರೆ. ಇಫ್ತಾರ್ ಮಾಡಿಸುತ್ತೇನೆ ಅಂತ ಫೋನು ಮಾಡುವವರಿಗೆ ನಾನು ಈಗ ಹೇಳುವುದು: ಬಿರಿಯಾನಿ ಬೇಡ, ಒಂದು ದಿನ ರಜೆ ಹಾಕಿ, ನಾಡಕಚೇರಿಗೂ ಮಕ್ಕಳ ರಕ್ಷಣಾ ಘಟಕಕ್ಕೂ ಈ ತಾಯಿಯ ಜೊತೆ ಓಡಾಡಿ ಬನ್ನಿ. ಕೆಲವರು ಫೋನು ಇಟ್ಟುಬಿಡುತ್ತಾರೆ. ಕೆಲವರು ಬರುತ್ತಾರೆ, ಒಬ್ಬ ಆಟೊ ಡ್ರೈವರ್ ಹುಡುಗ ಈ ಕೆಲಸದಲ್ಲಿ ಎಷ್ಟು ಪಳಗಿದ್ದಾನೆಂದರೆ ಆದಾಯ ಪ್ರಮಾಣಪತ್ರದಲ್ಲಿ ತಪ್ಪಿದ್ದರೆ ಅವನೇ ಮೊದಲು ಹಿಡಿಯುತ್ತಾನೆ.

ಹೋದ ತಿಂಗಳ ಲೆಕ್ಕ ಮುಗಿಸುವಾಗ ಕಮಿಟಿಯಲ್ಲೊಂದು ವಾದ ಎದ್ದಿತ್ತು. ಪಟ್ಟಿಯಲ್ಲಿದ್ದ ಹುಡುಗಿಯೊಬ್ಬಳು ನರ್ಸಿಂಗ್ ಎರಡನೆಯ ವರ್ಷ. ಪ್ರಾಯಕ್ಕೆ ಬಂದ ಮೇಲೆ ಯತೀಮ್‌ತನ ಇಲ್ಲ ಎಂಬ ಹದೀಸಿದೆ, ಯತೀಮರ ಹಣ ಅವಳಿಗೆ ಹೇಗೆ ಕೊಡುತ್ತೀರಿ ಎಂದು ಒಬ್ಬರು ತಗಾದೆ ತೆಗೆದರು. ಮಾತು ಸರಿಯೇ. ಸದರ್ ಸಾಹೇಬರು ಹಜ್ರತರನ್ನು ಕೇಳಿದರು. ಅವರು ಗಡ್ಡ ಸವರಿಕೊಂಡು, "ಯತೀಮರ ಖಾತೆಯಿಂದ ತೆಗೆಯಿರಿ. ಬಡವಿದ್ಯಾರ್ಥಿಗಳ ಖಾತೆಗೆ ಹಾಕಿ. ಜಕಾತ್ ಕಾಲಂ. ಫೀಸಿನ ಕೊನೆ ತಾರೀಖು ಯಾವತ್ತು?" ಅಂದರಂತೆ. ಪುಸ್ತಕ ನನ್ನ ಹತ್ತಿರ ಬಂದಾಗ ಪೆನ್ಸಿಲಿನಲ್ಲಿ ಅಷ್ಟೇ ಬರೆದಿತ್ತು. ನಾನು ಶಾಯಿಯಲ್ಲಿ ತಿದ್ದಿ, ಮೊತ್ತ ಈ ಪುಟದಿಂದ ಆ ಪುಟಕ್ಕೆ ವರ್ಗಾಯಿಸಿ, ಪಕ್ಕದಲ್ಲಿ ಸಹಿ ಹಾಕಿದೆ. ಕೊನೆ ತಾರೀಖು ಹದಿನೈದು.